ಕೊನೆಗೂ ಹಳೇ ಲ್ಯಾಪ್‌ಟಾಪಿನ ಪಾದವೇ ಗತಿ

ಕಂಪ್ಯೂಟರ್ ಚರಿತ್ರೆ ಬರೆಯುವವರೆಲ್ಲ ವೇಗದ ಬಗ್ಗೆ ಬರೆಯುತ್ತಾರೆ. ಯಾವ ವರ್ಷ ಎಷ್ಟು ಮೆಗಾಹರ್ಟ್ಸ್, ಯಾವ ವರ್ಷ ಎಷ್ಟು ಗಿಗಾಹರ್ಟ್ಸ್, ಹೀಗೆ. ಬಿಸಿಯ ಬಗ್ಗೆ ಬರೆದವರು ಕಡಿಮೆ. ಬಿಸಿಯಾಗುವ ಹಳೇ ಯಂತ್ರಗಳನ್ನು ಹೊಸದು ಬರುವ ತನಕ ಹೇಗೋ ದೂಡಿಕೊಂಡು ಹೋದವರ ಬಗ್ಗೆ ಬರೆದವರು ಇನ್ನೂ ಕಡಿಮೆ. ಆದರೆ ನಮ್ಮ ದೇಶದ ಮಟ್ಟಿಗೆ ನೋಡಿದರೆ ಕಂಪ್ಯೂಟರ್ ಕಲಿತದ್ದೇ ಹಾಗೆ, ಹಳೇ ಯಂತ್ರಗಳ ಚಾಕರಿ ಮಾಡಿ. ಇವತ್ತು ಆ ಕಥೆ ಹೇಳೋಣ ಅಂತ.

ಈ ವಿಷಯ ಈಗ ತಲೆ ಹೊಕ್ಕಿದ್ದಕ್ಕೆ ಕಾರಣ ಇದೆ. ಎರಡು ತಿಂಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ನಮ್ಮ ಟೀಮನ್ನೇ ಮುಚ್ಚಿದರು. ಆಫೀಸಿನ ಲ್ಯಾಪ್‌ಟಾಪ್ ವಾಪಸ್ ಹೋಯಿತು. ನಾಗರಬಾವಿಯ ಬಾಡಿಗೆ ಮನೆಯಲ್ಲಿ ಉಳಿದದ್ದು 2015ರಲ್ಲಿ ಎಂಜಿನಿಯರಿಂಗ್ ಸೇರಿದಾಗ ಅಪ್ಪ ಚೀಟಿ ಎತ್ತಿ ಕೊಡಿಸಿದ್ದ ಲ್ಯಾಪ್‌ಟಾಪ್. ಆನ್ ಮಾಡಿದ ಹತ್ತು ನಿಮಿಷಕ್ಕೆ ಹಿಟ್ಟಿನ ಗಿರಣಿ ಥರ ಸದ್ದು ಮಾಡುತ್ತದೆ. ಅರ್ಧ ಗಂಟೆಗೆ ಅದರ ಮೇಲೆ ದೋಸೆ ಹುಯ್ಯಬಹುದು. ಈಗಿನ ಇಂಟರ್‌ವ್ಯೂಗಳೆಲ್ಲ ವಿಡಿಯೋ ಕಾಲಿನಲ್ಲೇ. ಮಧ್ಯದಲ್ಲಿ ಯಂತ್ರ ಆರಿಹೋದರೆ ಆ ಕಡೆಯವರಿಗೆ ನಾನು ಪ್ರಶ್ನೆಗೆ ಹೆದರಿ ಓಡಿಹೋದ ಹಾಗೆ ಕಾಣುತ್ತದೆ :) ಹೊಸದು ಕೊಳ್ಳಬಹುದು, ಆದರೆ ಆ ದುಡ್ಡು ಅಂದ್ರೆ ಮೂರ್ನಾಲ್ಕು ತಿಂಗಳ ಬಾಡಿಗೆ. ಹಾಗಾಗಿ ಮುಂದಿನ ಕೆಲಸದ ಮೊದಲ ಸಂಬಳ ಬರುವ ತನಕ ಇದೇ ಗತಿ. ಇದನ್ನು ಹೇಗೆ ಓಡಿಸೋದು ಅಂತ ಹುಡುಕುತ್ತಾ ಹೋದವನು ಎಲ್ಲೆಲ್ಲಿಗೋ ಹೋಗಿ ಮುಟ್ಟಿದೆ.

ಮೊದಲು ಮೂಲಕ್ಕೇ ಹೋಗೋಣ. ಅಮೆರಿಕದಲ್ಲಿ 1946ರಲ್ಲಿ ಜನರಿಗೆ ತೋರಿಸಿದ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದವು (ನಮ್ಮ ತಾತಂದಿರ ರೇಡಿಯೋ ಒಳಗೆ ಕೆಂಪಗೆ ಉರಿಯುತ್ತಿದ್ದವಲ್ಲ, ಅದೇ ವಾಲ್ವ್‌ಗಳು). ಅದು ತಿನ್ನುತ್ತಿದ್ದ ವಿದ್ಯುತ್ ಸುಮಾರು 150 ಕಿಲೋವ್ಯಾಟ್. ನಮ್ಮ ಬಚ್ಚಲುಮನೆಯ ಗೀಸರ್ ಎರಡು ಕಿಲೋವ್ಯಾಟ್ ಅಂತ ಇಟ್ಟುಕೊಂಡರೆ, ಒಂದೇ ಹಾಲ್‌ನಲ್ಲಿ ಎಪ್ಪತ್ತೈದು ಗೀಸರ್ ಒಟ್ಟಿಗೆ ಹಾಕಿದ ಹಾಗೆ. ಕಂಪ್ಯೂಟರ್ ತಿಂದ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಗೆ ಬರಬೇಕು. ಲೆಕ್ಕ ಮಾಡಿದ್ದಕ್ಕೆ ವಿದ್ಯುತ್ ಕಡಿಮೆಯೇನೂ ಆಗುವುದಿಲ್ಲ. ಭೌತಶಾಸ್ತ್ರದ ದೃಷ್ಟಿಯಲ್ಲಿ ಕಂಪ್ಯೂಟರ್ ಅಂದ್ರೆ ಸ್ವಲ್ಪ ಓದಿಕೊಂಡಿರುವ ಹೀಟರ್, ಅಷ್ಟೇ.

ಎನಿಯಾಕ್ ಕಟ್ಟಿದ ಪ್ರೆಸ್ಪರ್ ಎಕರ್ಟ್‌ಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಹದಿನೆಂಟು ಸಾವಿರ ಕೊಳವೆಗಳಲ್ಲಿ ಒಂದು ಸುಟ್ಟರೂ ಲೆಕ್ಕ ಕೆಡುತ್ತದೆ. ಅದಕ್ಕೇ ಆತ ಕೊಳವೆಗಳನ್ನು ಅವುಗಳ ಮೇಲೆ ಬರೆದಿರುವ ಶಕ್ತಿಗಿಂತ ಸಾಕಷ್ಟು ಕಡಿಮೆ ವೋಲ್ಟೇಜಿನಲ್ಲಿ ಓಡಿಸಿದ. ಕೊಳವೆಗಳು ಹೆಚ್ಚಾಗಿ ಸಾಯುತ್ತಿದ್ದದ್ದು ಬಿಸಿಯಾಗುವಾಗ ಮತ್ತು ತಣ್ಣಗಾಗುವಾಗ. ಹಾಗಾಗಿ ಯಂತ್ರವನ್ನು ಆದಷ್ಟು ಆರಿಸುತ್ತಲೇ ಇರಲಿಲ್ಲ. ಇಷ್ಟೆಲ್ಲ ಮಾಡಿ ಅದು ಕೆಡದೆ ಓಡಿದ ದಾಖಲೆ ಅವಧಿ 116 ಗಂಟೆ, ಅದೂ 1954ರಲ್ಲಿ. ಅಂದರೆ ಐದು ದಿನಕ್ಕೂ ಕಡಿಮೆ! ಆ ವೋಲ್ಟೇಜ್ ಇಳಿಸುವ ಉಪಾಯವನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಮತ್ತೆ ಬೇಕಾಗುತ್ತದೆ.

ಈ ಕೊಳವೆಗಳ ಕಾಲದಲ್ಲೇ ನಮ್ಮ ದೇಶವೂ ಕಣಕ್ಕಿಳಿಯಿತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆಗೆ ನಮ್ಮ ಕಡೆಯ ಹಳಬರು ಈಗಲೂ ಹಾಗೇ ಕರೆಯೋದು) 1950ರ ದಶಕದ ನಡುವಿನಲ್ಲಿ ವಿಸ್ಕಾನ್ಸಿನ್‌ನಿಂದ ಬಂದಿದ್ದ ಪ್ರೊ. ವಿನ್ಸೆಂಟ್ ರೈಡೌಟ್ ಜೊತೆ ಸೇರಿ 'ಪ್ರೆಡಾ' ಅನ್ನುವ ಅನಲಾಗ್ ಕಂಪ್ಯೂಟರ್ ನಿಲ್ಲಿಸಿದರು. ಅದರಲ್ಲಿ ಕೆಲಸ ಮಾಡಿದ ವಿದ್ಯಾರ್ಥಿಗಳಲ್ಲಿ ವಿ. ರಾಜಾರಾಮನ್ ಒಬ್ಬರು. ನಾವೆಲ್ಲ ಕಾಲೇಜಿನಲ್ಲಿ ಓದಿದ ಕಂಪ್ಯೂಟರ್ ಪುಸ್ತಕಗಳ ರಾಜಾರಾಮನ್ ಇವರೇ. ಅದೇ ಹೊತ್ತಿಗೆ ಕಲ್ಕತ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆಗೆ ಇಂಗ್ಲೆಂಡಿನಿಂದ 'ಹೆಚ್‌ಇಸಿ 2ಎಂ' ಬಂತು. ದೇಶದ ಮೊದಲ ಡಿಜಿಟಲ್ ಕಂಪ್ಯೂಟರ್ ಅದು. ನೆನಪಿನ ಶಕ್ತಿ 1024 ಪದಗಳು, ಈಗಿನ ಲೆಕ್ಕದಲ್ಲಿ ಎರಡು ಕಿಲೋಬೈಟ್. ಯಂತ್ರ ಬಂತು, ಅದನ್ನು ಜೋಡಿಸಿ ನೋಡಿಕೊಳ್ಳುವ ಭಾರ ಸಂಸ್ಥೆಯ ಎಂಜಿನಿಯರುಗಳ ಮೇಲೇ ಬಿತ್ತು. ಕೆಟ್ಟರೆ ಫೋನ್ ಮಾಡಲು ಕಸ್ಟಮರ್ ಕೇರ್ ಇರಲಿಲ್ಲ ನೋಡಿ.

ಆಮೇಲೆ 1960ರಲ್ಲಿ ಮುಂಬಯಿಯ ಟಿಐಎಫ್‌ಆರ್‌ನಲ್ಲಿ ನಮ್ಮವರೇ ಕಟ್ಟಿದ 'ಟಿಫ್ರಾಕ್' ಚಾಲೂ ಆಯಿತು. ಅದರಲ್ಲಿದ್ದ ಕೊಳವೆಗಳು 2,700. ಆ ಕೋಣೆ ತಂಪಾಗಿರಲು ಎಸಿ ಬೇಕೇ ಬೇಕು. ಕಟ್ಟಿದ ತಂಡದ ಮುಂದಾಳು ಆರ್. ನರಸಿಂಹನ್. ಈ ಹೆಸರನ್ನೂ ನೆನಪಿಡಿ, ಮತ್ತೆ ಬರುತ್ತಾರೆ.

ಆಮೇಲೆ ಬಂದದ್ದು ಟ್ರಾನ್ಸಿಸ್ಟರ್ ಕಾಲ, ಜೊತೆಗೆ ಐಬಿಎಂ ಕಾಲ. ಐಬಿಎಂ 1951ರಲ್ಲೇ ಭಾರತಕ್ಕೆ ಬಂದಿತ್ತು. ಅರವತ್ತರ ದಶಕದಲ್ಲಿ ನಮ್ಮ ಕಚೇರಿಗಳಿಗೆ ಬಂದ ಅದರ ಹೆಸರಾಂತ ಯಂತ್ರ 1401. ಅಮೆರಿಕದಲ್ಲಿ 1959ರಲ್ಲಿ ಬಿಡುಗಡೆಯಾಗಿ ಸಾವಿರಾರು ಸಂಖ್ಯೆಯಲ್ಲಿ ಹೋದದ್ದು. ಇಲ್ಲಿ ಐಬಿಎಂ ಮಾಡುತ್ತಿದ್ದ ವ್ಯಾಪಾರ ಹೀಗಿತ್ತು. ಬೇರೆ ದೇಶಗಳಲ್ಲಿ ದುಡಿದು ಹಳತಾದ ಯಂತ್ರಗಳನ್ನು ತರುವುದು, ಇಲ್ಲಿ ಬಿಚ್ಚಿ ಸರಿಮಾಡುವುದು, ಆಮೇಲೆ ತಿಂಗಳ ಬಾಡಿಗೆಗೆ ಕೊಡುವುದು. ನೋಡಿಕೊಳ್ಳುವವರೂ ಅವರೇ. ಬಾಡಿಗೆಗೆ ಇಟ್ಟುಕೊಂಡವರು ಪೆಟ್ಟಿಗೆ ಮುಚ್ಚಳ ತೆಗೆಯುವ ಹಾಗಿಲ್ಲ, ತೆಗೆಯುವ ಅಗತ್ಯವೂ ಇಲ್ಲ. ಹಳೇ ಯಂತ್ರಕ್ಕೆ ಹೊಸ ಬೆಲೆಯ ಬಾಡಿಗೆ ವಸೂಲಿ ಮಾಡುತ್ತಿದ್ದಾರೆ ಅಂತ ಎಪ್ಪತ್ತರ ದಶಕದಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಕಟುವಾಗಿಯೇ ಟೀಕೆ ಮಾಡಿತು.

ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲೂ 1970ರಲ್ಲಿ ಕಂಪ್ಯೂಟರ್ ಸೆಂಟರ್ ಶುರುವಾದಾಗ ಬಂದ ದೊಡ್ಡ ಯಂತ್ರ ಐಬಿಎಂದೇ, 360/44. ಕಾರ್ಡುಗಳ ಕಟ್ಟು ಹಿಡಿದು ಸರತಿಯಲ್ಲಿ ನಿಲ್ಲುವುದು, ತಂಪು ಕೋಣೆಯೊಳಗಿನ ದೇವರ ದರ್ಶನಕ್ಕೆ ಕಾಯುವುದು, ಆ ಕಾಲದ ಕಂಪ್ಯೂಟಿಂಗ್ ಅಂದ್ರೆ ಹೀಗೇ ಇತ್ತು.

ಈಗ ಕಥೆಗೆ ತಿರುವು. 1973ರಲ್ಲಿ ಫೆರಾ ಕಾಯಿದೆ ಬಂತು. ವಿದೇಶಿ ಕಂಪನಿಗಳು ತಮ್ಮ ಭಾರತದ ಶಾಖೆಯಲ್ಲಿ ಪಾಲನ್ನು ಶೇ. 40ಕ್ಕೆ ಇಳಿಸಬೇಕು ಅನ್ನುವ ಒತ್ತಾಯ ಶುರುವಾಯಿತು. ಐಬಿಎಂ ಒಪ್ಪಲಿಲ್ಲ. 1977ರಲ್ಲಿ ಜನತಾ ಸರಕಾರ ಬಂದಾಗ ಕೈಗಾರಿಕಾ ಮಂತ್ರಿಯಾದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಅವರು ಪಟ್ಟು ಬಿಡಲಿಲ್ಲ. ಕೋಕಾ-ಕೋಲಾ ಹೋದ ಕಥೆ ಎಲ್ಲರಿಗೂ ಗೊತ್ತು. ಅದರ ಹಿಂದೆಯೇ 1978ರಲ್ಲಿ ಐಬಿಎಂ ಕೂಡ ಅಂಗಡಿ ಮುಚ್ಚಿತು.

ಕೋಲಾ ಹೋದರೆ ನಿಂಬೆ ಶರಬತ್ತು ಕುಡಿಯಬಹುದು. ಕಂಪ್ಯೂಟರ್ ಹೋದರೆ? ಕಂಪನಿ ಹೋಯಿತು, ಯಂತ್ರಗಳು ಮಾತ್ರ ಇಲ್ಲೇ ಉಳಿದವು. ಸುಮಾರು 800 ಕಡೆ ಐಬಿಎಂ ಯಂತ್ರಗಳಿದ್ದವು. ಸಂಬಳದ ಪಟ್ಟಿ, ದಾಸ್ತಾನಿನ ಲೆಕ್ಕ, ವಿಜ್ಞಾನಿಗಳ ಸಂಶೋಧನೆ ಎಲ್ಲ ಅವುಗಳ ಮೇಲೆ ನಿಂತಿತ್ತು. ಹೊಸ ಯಂತ್ರ ತರಿಸಬೇಕಾದರೆ ವಿದೇಶಿ ವಿನಿಮಯ ಬೇಕು, ಲೈಸೆನ್ಸ್ ಬೇಕು, ವರ್ಷಗಟ್ಟಲೆ ಕಾಯಬೇಕು. ಅಲ್ಲಿಯ ತನಕ ಹಳೇದು ಓಡಲೇಬೇಕು.

ಅದನ್ನು ಓಡಿಸುವ ಹೊಣೆ ಬಿದ್ದದ್ದು ಸಿಎಂಸಿ ಮೇಲೆ. ಪೂರ್ತಿ ಹೆಸರು ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್. 1975ರ ಡಿಸೆಂಬರಿನಲ್ಲಿ ಸರಕಾರ ಕಟ್ಟಿದ ಸಂಸ್ಥೆ. ಹೆಸರು ನೋಡಿ, ಎಷ್ಟು ಪ್ರಾಮಾಣಿಕವಾಗಿದೆ! ಇನ್ನೊವೇಷನ್ ಇಲ್ಲ, ಸೊಲ್ಯೂಷನ್ ಇಲ್ಲ, ಬರೀ ರಿಪೇರಿ. ಅದರ ಮೊದಲ ಅಧ್ಯಕ್ಷರು ಯಾರು ಗೊತ್ತೇ? ಟಿಫ್ರಾಕ್ ಕಟ್ಟಿದ ಅದೇ ಆರ್. ನರಸಿಂಹನ್. ದೇಶದ ಕಂಪ್ಯೂಟರನ್ನು ಸೊನ್ನೆಯಿಂದ ಕಟ್ಟಿದವರೇ ಬೇರೆಯವರು ಬಿಟ್ಟುಹೋದ ಯಂತ್ರಗಳ ಆರೈಕೆಗೂ ನಿಂತರು. ಐಬಿಎಂನಲ್ಲಿ ಕೆಲಸ ಮಾಡುತ್ತಿದ್ದವರು ಒಂದಷ್ಟು ಜನ ಸೇರಿ ಐಡಿಎಂ ಅಂತ ತಮ್ಮದೇ ಕಂಪನಿಯನ್ನೂ ಕಟ್ಟಿದರು.

1401 ತರಹದ ಯಂತ್ರದೊಳಗೆ ಸಣ್ಣ ಸಣ್ಣ ಸರ್ಕ್ಯೂಟ್ ಕಾರ್ಡುಗಳ ಸಾಲೇ ಇರುತ್ತದೆ. ಕೆಟ್ಟ ಕಾರ್ಡ್ ಯಾವುದು ಅಂತ ಪತ್ತೆ ಹಚ್ಚಬೇಕು, ಕಿತ್ತು ಇನ್ನೊಂದು ಹಾಕಬೇಕು, ಓಡುತ್ತಾ ನೋಡಬೇಕು. ಬಿಡಿಭಾಗ ಸಿಗದಿದ್ದರೆ ಇನ್ನೊಂದು ದಾರಿ ಹುಡುಕಬೇಕು. ಎಸಿ ಕೈಕೊಟ್ಟರೆ ಯಂತ್ರಕ್ಕೂ ರಜೆ. ಸಿಎಂಸಿ ಐಬಿಎಂ ಅಷ್ಟೇ ಅಲ್ಲ, ಬೇರೆ ಬೇರೆ ವಿದೇಶಿ ಕಂಪನಿಗಳ ಯಂತ್ರಗಳನ್ನೂ ನೋಡಿಕೊಳ್ಳುತ್ತಿತ್ತು. ಒಂದು ಕಂಪನಿಯ ಎಂಜಿನಿಯರಿಗೆ ತನ್ನ ಕಂಪನಿಯ ಯಂತ್ರ ಮಾತ್ರ ಗೊತ್ತಿದ್ದರೆ ಸಾಕು. ಇವರಿಗೆ ಎಲ್ಲರದೂ ಗೊತ್ತಿರಬೇಕಿತ್ತು. ಸಂಪತ್ತು ಹುಟ್ಟಿದ್ದು ಅಲ್ಲೇ ಅಂತ ನನ್ನ ಅನಿಸಿಕೆ. ಯಾಕಂದ್ರೆ ಮುಂದೆ 1985-86ರಲ್ಲಿ ದೆಹಲಿಯಲ್ಲಿ ರೈಲ್ವೆಯ ಕಂಪ್ಯೂಟರ್ ಟಿಕೆಟ್ ಬುಕಿಂಗ್ ಶುರುವಾದಾಗ ಅದನ್ನು ಮಾಡಿಕೊಟ್ಟದ್ದು ಇದೇ ಸಿಎಂಸಿ. ರಿಪೇರಿ ಮಾಡುತ್ತಿದ್ದವರು ಹತ್ತು ವರ್ಷ ತುಂಬುವ ಹೊತ್ತಿಗೆ ಕಟ್ಟುವವರಾಗಿದ್ದರು. ಅಷ್ಟರಲ್ಲಿ, 1984ರಲ್ಲಿ, ಹೆಸರಿನಿಂದ ಮೇಂಟೆನೆನ್ಸ್ ಅನ್ನುವ ಪದ ಹೋಗಿ ಬರೀ ಸಿಎಂಸಿ ಆಗಿತ್ತು.

ಬೆಂಗಳೂರಿನಲ್ಲೂ ಕಾಲ ಬದಲಾಯಿತು. ವಿಜ್ಞಾನ ಸಂಸ್ಥೆಯಲ್ಲಿ 360/44 ಜಾಗಕ್ಕೆ ಡೆಕ್ ಕಂಪನಿಯ ದೊಡ್ಡ ಯಂತ್ರ ಬಂತು. 1982ರಲ್ಲಿ ರಾಜಾರಾಮನ್ ಕಾನ್ಪುರದಿಂದ ಮತ್ತೆ ಇಲ್ಲಿಗೇ ಬಂದರು. ಬಿಟ್ಟುಹೋಗಿದ್ದ ಐಬಿಎಂ 1992ರಲ್ಲಿ ಟಾಟಾ ಕೈ ಹಿಡಿದು ವಾಪಸ್ ಬಂತು. ಸಿಎಂಸಿ 2001ರಲ್ಲಿ ಟಾಟಾ ಕೈಗೆ ಹೋಗಿ 2015ರಲ್ಲಿ ಟಿಸಿಎಸ್ ಒಳಗೆ ಕರಗಿತು. ನನ್ನ ಲ್ಯಾಪ್‌ಟಾಪ್ ಹುಟ್ಟಿದ ವರ್ಷವೇ ದೇಶದ ರಿಪೇರಿ ಕಾರ್ಪೊರೇಷನ್ ಮುಗಿಯಿತು ಅನ್ನಿ.

ಇಷ್ಟೊತ್ತಿಗೆ ಬಿಸಿ ಎಲ್ಲಿ ಹೋಯಿತು? ಕೋಣೆಯಿಂದ ಮೇಜಿಗೆ, ಮೇಜಿನಿಂದ ತೊಡೆಗೆ ಬಂತು. 1974ರಲ್ಲಿ ಐಬಿಎಂನ ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು ಒಂದು ಒಳ್ಳೇ ಸುದ್ದಿ ಹೇಳಿದ್ದರು. ಟ್ರಾನ್ಸಿಸ್ಟರ್ ಸಣ್ಣದಾಗುತ್ತಾ ಹೋದ ಹಾಗೆ ವೋಲ್ಟೇಜನ್ನೂ ಇಳಿಸುತ್ತಾ ಹೋದರೆ, ಅಷ್ಟೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರ್ ತುರುಕಿದರೂ ಬಿಸಿ ಹೆಚ್ಚುವುದಿಲ್ಲ ಅಂತ. ಸುಮಾರು ಮೂವತ್ತು ವರ್ಷ ಇದು ನಡೆಯಿತು. ಆಮೇಲೆ ವೋಲ್ಟೇಜ್ ಇಳಿಸುವುದು ಸಾಧ್ಯವಾಗಲಿಲ್ಲ, ಸೋರುವ ವಿದ್ಯುತ್ ಜಾಸ್ತಿಯಾಯಿತು. 2001ರಲ್ಲಿ ಇಂಟೆಲ್‌ನ ಪ್ಯಾಟ್ ಗೆಲ್ಸಿಂಗರ್, ಹೀಗೇ ಹೋದರೆ ಚಿಪ್ಪಿನ ಬಿಸಿ ಅಣುಸ್ಥಾವರದ ಮಟ್ಟಕ್ಕೆ, ಆಮೇಲೆ ರಾಕೆಟ್ ಮೂತಿಯ ಮಟ್ಟಕ್ಕೆ, ಕೊನೆಗೆ ಸೂರ್ಯನ ಮೈಯ ಮಟ್ಟಕ್ಕೆ ಹೋಗುತ್ತದೆ ಅಂತ ಎಚ್ಚರಿಸಿದ್ದ. 2004ರಲ್ಲಿ ಇಂಟೆಲ್ ತನ್ನ ಮುಂದಿನ ಪೆಂಟಿಯಂ ಯೋಜನೆ 'ತೇಜಸ್'ಅನ್ನು ಕೈಬಿಟ್ಟಿತು. ವೇಗದ ಓಟ ನಿಲ್ಲಿಸಿ ಎರಡು, ನಾಲ್ಕು ಕೋರ್‌ಗಳ ದಾರಿ ಹಿಡಿಯಿತು. ನಮ್ಮ ಲ್ಯಾಪ್‌ಟಾಪಿನಲ್ಲಿ ಡ್ಯುಯಲ್ ಕೋರ್, ಕ್ವಾಡ್ ಕೋರ್ ಅಂತ ಸ್ಟಿಕ್ಕರ್ ಇರುವುದಕ್ಕೆ ದೊಡ್ಡ ಕಾರಣ ಈ ಬಿಸಿಯೇ.

ಇನ್ನೊಂದು ಸ್ವಾರಸ್ಯ. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್‌ನವರು ಓಡುತ್ತಿರುವ ಕಂಪ್ಯೂಟರಿನ ಪ್ರೊಸೆಸರ್ ಮೇಲಿಂದ ಹೀಟ್‌ಸಿಂಕ್ ಕಿತ್ತು ಏನಾಗುತ್ತದೆ ಅಂತ ವಿಡಿಯೋ ಮಾಡಿದರು. ಎಎಂಡಿಯ ಅಥ್ಲಾನ್ ಹೊಗೆಯಾಡಿ ಸತ್ತಿತು. ಪೆಂಟಿಯಂ 4 ನಿಧಾನವಾಯಿತು, ಸಾಯಲಿಲ್ಲ. ಅದರೊಳಗೆ ಬಿಸಿ ಅಳೆದು ವೇಗ ತಗ್ಗಿಸುವ ವ್ಯವಸ್ಥೆ ಇತ್ತು. ಇವತ್ತು ಎಲ್ಲ ಪ್ರೊಸೆಸರ್‌ಗಳೂ ಹೀಗೆ ಮಾಡುತ್ತವೆ. ಹಾಗಾಗಿ ಹಳೇ ಲ್ಯಾಪ್‌ಟಾಪ್ ನಿಧಾನವಾಗಲು ವಯಸ್ಸು, ವೈರಸ್ ಮಾತ್ರ ಕಾರಣ ಅಂದುಕೊಳ್ಳಬೇಡಿ. ಎಷ್ಟೋ ಸಲ ಅದು ಸುಟ್ಟುಹೋಗದಿರಲು ಉಸಿರು ಹಿಡಿದುಕೊಂಡಿರುತ್ತದೆ.

ನನ್ನದರ ಕಥೆಯೂ ಅದೇ. ಅಳೆದು ನೋಡಿದರೆ 97 ಡಿಗ್ರಿ. ಎಸ್‌ಪಿ ರೋಡಿನ ಸಣ್ಣ ಅಂಗಡಿಯೊಂದರಲ್ಲಿ ಬಿಚ್ಚಿಸಿದೆ. ಒಳಗೆ ಪ್ರೊಸೆಸರಿನಿಂದ ಫ್ಯಾನಿನ ತನಕ ಒಂದು ತಾಮ್ರದ ಚಪ್ಪಟೆ ಕೊಳವೆ ಇರುತ್ತದೆ, ಹೀಟ್ ಪೈಪ್. ಬರೀ ತಾಮ್ರದ ಸರಳಲ್ಲ ಅದು, ಒಳಗೆ ಟೊಳ್ಳು, ಒಂದಿಷ್ಟೇ ಇಷ್ಟು ನೀರು, ಗಾಳಿ ತೆಗೆದುಹಾಕಿರುತ್ತಾರೆ. ಬಿಸಿ ತುದಿಯಲ್ಲಿ ನೀರು ಆವಿಯಾಗಿ ತಣ್ಣನೆ ತುದಿಗೆ ಓಡುತ್ತದೆ, ಅಲ್ಲಿ ಮತ್ತೆ ನೀರಾಗಿ ಗೋಡೆ ಹಿಡಿದು ವಾಪಸ್ ಬರುತ್ತದೆ. ಅಮೆರಿಕದ ಲಾಸ್ ಅಲಮೋಸ್‌ನಲ್ಲಿ 1963ರಲ್ಲಿ ಜಾರ್ಜ್ ಗ್ರೋವರ್ ಮಾಡಿ ತೋರಿಸಿದ ಉಪಾಯ. ನಮ್ಮ ಇಡ್ಲಿ ಪಾತ್ರೆಯ ಮುಚ್ಚಳದಿಂದ ನೀರು ತೊಟ್ಟಿಕ್ಕುತ್ತದಲ್ಲ, ಅದೇ ಶಾಸ್ತ್ರ. ಈ ಕೊಳವೆಗೂ ಪ್ರೊಸೆಸರಿಗೂ ನಡುವೆ ಹಚ್ಚುವ ಪೇಸ್ಟ್ ಒಣಗಿ ಸುಣ್ಣದ ಹಾಗಾಗಿತ್ತು. ಫ್ಯಾನಿನ ಬಾಯಿಗೆ ರಿಂಗ್ ರೋಡಿನ ಧೂಳು ಕಂಬಳಿ ಹೊದ್ದು ಕೂತಿತ್ತು. ಎರಡನ್ನೂ ಸರಿಮಾಡಿ ಅಂಗಡಿಯವರು ಅಂದರು: "ಇನ್ನೊಂದು ವರ್ಷ ಓಡುತ್ತೆ ಸಾರ್. ಆಮೇಲೆ ನನ್ನನ್ನ ಕೇಳಬೇಡಿ."

ಮನೆಗೆ ಬಂದು ಎಕರ್ಟ್‌ನ ಉಪಾಯ ಮಾಡಿದೆ. ಚಿಪ್ಪಿನ ಬಿಸಿ ವೋಲ್ಟೇಜಿನ ವರ್ಗಕ್ಕೆ ಮತ್ತು ವೇಗಕ್ಕೆ ತಕ್ಕ ಹಾಗೆ ಏರುತ್ತದೆ. ಎರಡನ್ನೂ ಶೇ. 10 ಇಳಿಸಿದರೆ ಕೆಲಸದ ಬಿಸಿ ಸುಮಾರು ಶೇ. 27 ಇಳಿಯುತ್ತದೆ (0.9 ಅನ್ನು ಮೂರು ಸಲ ಗುಣಿಸಿ ನೋಡಿ). ಪ್ರೊಸೆಸರಿನ ಟರ್ಬೋ ಆರಿಸಿದರೆ ವೇಗದ ಜೊತೆ ವೋಲ್ಟೇಜೂ ತಾನಾಗಿ ತಗ್ಗುತ್ತದೆ. 2.7 ಗಿಗಾಹರ್ಟ್ಸ್ ತನಕ ಹಾರುತ್ತಿದ್ದದ್ದು ಈಗ 2.2ರಲ್ಲಿ ನಿಂತಿದೆ. ವಿಡಿಯೋ ಕಾಲ್ ಹೊತ್ತಿನಲ್ಲಿ 74 ಡಿಗ್ರಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಹಾಯ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಇಷ್ಟು ಹಳೇ ಪ್ರೊಸೆಸರನ್ನು ಒಪ್ಪುವುದಿಲ್ಲ. ಹಾಗಾಗಿ ಲಿನಕ್ಸ್ ಹಾಕಿದ್ದೇನೆ. ಉಳಿದದ್ದು ಬೆಂಗಳೂರಿನ ಹವೆಯ ಕೈಯಲ್ಲಿ. ಫ್ಯಾನು ಎಷ್ಟೇ ತಿರುಗಿದರೂ ಒಳಗಿನದನ್ನು ಹೊರಗಿನ ಗಾಳಿಗಿಂತ ತಂಪು ಮಾಡಲಾರದು. 2016ರ ಏಪ್ರಿಲ್ 24ರಂದು ನಮ್ಮೂರೂ 39.2 ಡಿಗ್ರಿ ಮುಟ್ಟಿತ್ತು. ಬೇಸಿಗೆಯಲ್ಲಿ ಇಂಟರ್‌ವ್ಯೂ ಬೆಳಗ್ಗೆ ಹತ್ತರ ಒಳಗೆ ಕೇಳಿಕೊಳ್ಳುವುದೇ ವಾಸಿ.

ಹಾಗಂತ ಹಳೇದೇ ಚಿನ್ನ ಅಂತ ನಾನು ಹೇಳುತ್ತಿಲ್ಲ. ಹಳೇ ಯಂತ್ರಕ್ಕೆ ಅಂಟಿಕೊಂಡಿದ್ದಕ್ಕೆ ದೇಶವೂ ಬೆಲೆ ತೆತ್ತಿದೆ. ಐಬಿಎಂ ಇಲ್ಲಿ 1401 ಬಾಡಿಗೆ ಎತ್ತುತ್ತಿದ್ದಾಗಲೇ ಜಗತ್ತು ಮುಂದಿನ ಪೀಳಿಗೆಗೆ ಹೋಗಿಯಾಗಿತ್ತು. ಲ್ಯಾಪ್‌ಟಾಪಿನಲ್ಲಂತೂ ಒಂದು ಗೆರೆ ಇದೆ. ಬ್ಯಾಟರಿ ಉಬ್ಬಿ ಕೀಬೋರ್ಡ್ ಎದ್ದುಬಂದರೆ ಅವತ್ತೇ ನಿಲ್ಲಿಸಿ. ಅದನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್ ಮಾಡಬೇಡಿ. ಲಿಥಿಯಂ ಬ್ಯಾಟರಿಯ ಬೆಂಕಿ ಎನಿಯಾಕ್ ಬಿಸಿಯಂತಲ್ಲ. ಬದುಕು ಮುಗಿದ ಯಂತ್ರವನ್ನು ಗುಜರಿಯವನಿಗೆ ತೂಕಕ್ಕೆ ಹಾಕುವುದಕ್ಕಿಂತ ಅನುಮತಿ ಪಡೆದ ಇ-ತ್ಯಾಜ್ಯ ಘಟಕಕ್ಕೆ ಕಳಿಸುವುದು ಒಳ್ಳೇದು. ಇಂಥ ಘಟಕಗಳಲ್ಲಿ ದೇಶದಲ್ಲೇ ಮೊದಲಿಗರಾದ ಇ-ಪರಿಸರ ಸಂಸ್ಥೆ 2005ರಲ್ಲಿ ಶುರುವಾದದ್ದು ಇಲ್ಲೇ, ದಾಬಸ್‌ಪೇಟೆಯಲ್ಲಿ.

ಆದರೆ ಆ ಗೆರೆ ಮುಟ್ಟುವ ತನಕ ಓಡಿಸುವುದು ಬರೀ ಕಾಯುವಿಕೆ ಅಲ್ಲ ಅಂತ ಈ ಚರಿತ್ರೆ ಓದಿದ ಮೇಲೆ ಅನ್ನಿಸುತ್ತಿದೆ. ಬಾಡಿಗೆ ಯಂತ್ರ ಕೊಟ್ಟವನ ಜೊತೆ ಹೋಗುತ್ತದೆ. 1978ರಲ್ಲಿ ಒಂದು ಇಡೀ ದೇಶಕ್ಕೆ ಆದದ್ದೂ, ಆಫೀಸ್ ಲ್ಯಾಪ್‌ಟಾಪ್ ನಂಬಿಕೊಂಡ ನಮ್ಮಂಥವರಿಗೆ ಆಗುವುದೂ ಅದೇ. ಏಳು ವರ್ಷ ಸಾಫ್ಟ್‌ವೇರ್ ಬರೆದ ನಾನು ಹೀಟ್ ಪೈಪ್ ಒಳಗೆ ನೀರಿರುತ್ತದೆ ಅಂತ ತಿಳಿದದ್ದು ಆಫೀಸ್ ಲ್ಯಾಪ್‌ಟಾಪ್ ಹೋದ ಮೇಲೆ. ಸಿಎಂಸಿಯ ಎಂಜಿನಿಯರುಗಳಿಗೂ ಐಬಿಎಂ ಇದ್ದಿದ್ದರೆ ಆ 800 ಕಡೆಗಳ ಮುಚ್ಚಳ ತೆಗೆಯುವ ಭಾಗ್ಯ ಸಿಗುತ್ತಿರಲಿಲ್ಲ.

ಅಂದ ಹಾಗೆ, ನಿಮ್ಮಲ್ಲಿ ಅತಿ ಹಳೇ ಯಂತ್ರ ಓಡಿಸುತ್ತಿರುವವರು ಯಾರು? ಯಾವ ಇಸವಿಯದು, ಏನೇನು ಸರ್ಕಸ್ ಮಾಡಿದ್ದೀರಿ? ನಿಮ್ಮ ಅಪ್ಪ, ಚಿಕ್ಕಪ್ಪ, ಪಕ್ಕದ ಮನೆಯ ಅಂಕಲ್ ಯಾರಾದರೂ ಆ ಕಾಲದ ಕಾರ್ಡು ಯಂತ್ರಗಳನ್ನು ರಿಪೇರಿ ಮಾಡಿದವರಿದ್ದರೆ ಅವರ ನೆನಪುಗಳನ್ನು ಕೇಳಿ ಬರೆದಿಡಿ. ಯಂತ್ರಗಳು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು, ಅವನ್ನು ಬಿಚ್ಚಿದ ಕೈಗಳು ಇನ್ನೂ ಅಲ್ಲಲ್ಲಿ ಇವೆ.